ಗ್ಯಾರೇಜಿನಲ್ಲಿ ಕೇಳಿದ ಹೂವಿನ ಹಾಡು

ಆ ಹಾಡು ಈಗಲೂ ಎಲ್ಲಾದರೂ ಕಿವಿಗೆ ಬಿದ್ದರೆ ನನ್ನ ಅಂಗೈ ಬೆವರುತ್ತದೆ. ಒಮ್ಮೆ ಗ್ರೋಸರಿ ಅಂಗಡಿಯಲ್ಲಿ ಹಾಕಿದ್ದರು. ತರಕಾರಿ ತುಂಬಿದ ಗಾಡಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದುಬಿಟ್ಟೆ. ಜಗತ್ತಿಗೆಲ್ಲ ಅದು ಪ್ರೀತಿಯ ಹಾಡು, ಶಾಂತಿಯ ಹಾಡು. ಅರವತ್ತರ ದಶಕದಲ್ಲಿ ಉದ್ದ ಕೂದಲಿನ ಹಿಪ್ಪಿ ಹುಡುಗ ಹುಡುಗಿಯರು ಮನೆ ಮಠ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊಗೆ ಗುಂಪು ಗುಂಪಾಗಿ ಬಂದಾಗ ಅದು ಅವರ ನಾಡಗೀತೆಯೇ ಆಗಿಹೋಯಿತಂತೆ. ಈ ಊರಿಗೆ ಬರುವವರು ಹೂವು ಮುಡಿಯಬೇಕು ಅನ್ನುವ ಮಾತು ಅದರಲ್ಲಿದೆ. ನನಗೆ ಮಾತ್ರ ಅದು ಆಸ್ಪತ್ರೆಯವರು ಫೋನಿನಲ್ಲಿ ಕಾಯಿಸುವಾಗ ಹಾಕುವ ಹಾಡು.

ಎಡಗಡೆ ಮೊಲೆಯಲ್ಲಿ ಒಂದು ಗಂಟು ಸಿಕ್ಕಿತ್ತು. ಮೊದಲು ಮ್ಯಾಮೊಗ್ರಾಮು, ಆಮೇಲೆ ಅಲ್ಟ್ರಾಸೌಂಡು, ಆಮೇಲೆ ಒಂದು ಬುಧವಾರ ಬಯಾಪ್ಸಿ. ಸೂಜಿ ಹಾಕಿ ಚೂರು ತೆಗೆದ ಡಾಕ್ಟರಮ್ಮ ತುಂಬ ನಗುನಗುತ್ತಾ ಮಾತಾಡಿದಳು. ಇಲ್ಲಿಯ ಡಾಕ್ಟರುಗಳು ಯಾವಾಗಲೂ ನಗುತ್ತಾರೆ ಅನ್ನುವುದು ಗೊತ್ತಿದ್ದೂ ಆ ನಗುವಿನ ಹಿಂದೆ ಏನು ಮುಚ್ಚಿಟ್ಟಿದ್ದಾಳೋ ಅಂತ ನಾನು ಹುಡುಕತೊಡಗಿದೆ. ರಿಸಲ್ಟು ಕೆಲವು ದಿನದಲ್ಲಿ ಬರುತ್ತದೆ, ಆ್ಯಪಿನಲ್ಲೇ ನೋಡಬಹುದು ಅಂದಳು. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಕ್ಯಾಂಪ್‌ಬೆಲ್‌ನ ನಮ್ಮ ಮನೆಗೆ ಬಂದವಳೇ ನಾನು ಆ ಆ್ಯಪನ್ನು ಫೋನಿನಿಂದ ಕಿತ್ತು ಹಾಕಿದೆ. ಅಂಥ ಸುದ್ದಿಯನ್ನು ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ಫೋನು ಟಿಂಗ್ ಅಂದು ಹೇಳಿಬಿಟ್ಟರೆ ನಾನು ಏನು ಮಾಡಲಿ? ಮನುಷ್ಯರ ಬಾಯಿಂದಲೇ ಕೇಳಬೇಕು ಅಂತ ಹಟ ಹಿಡಿದೆ.

"ಏನೂ ಇರಲ್ಲ ಕಣೆ, ಇಂಥವು ಬೇಕಾದಷ್ಟು ಬರುತ್ತೆ, ಸುಮ್ಮನೆ ಟೆಸ್ಟ್ ಮಾಡ್ತಾರೆ" ಅಂದ ನನ್ನ ಗಂಡ. ಮೈಸೂರಿನವನು, ಸಮಾಧಾನದ ಮನುಷ್ಯ. ಆದರೆ "ಏನೂ ಇಲ್ಲ" ಅನ್ನುವ ಮಾತೇ ನನ್ನ ಮಟ್ಟಿಗೆ ಅತ್ಯಂತ ಭಯಾನಕವಾದದ್ದು ಅಂತ ಅವನಿಗೆ ಹೇಗೆ ಗೊತ್ತಾಗಬೇಕು.

ನಮ್ಮ ಚಿಕ್ಕವ್ವನಿಗೆ, ಅಂದರೆ ಅವ್ವನ ಒಬ್ಬಳೇ ತಂಗಿಗೆ, ಹೀಗೇ ಗಂಟು ಆಗಿತ್ತು. ಆಗ ನಾನು ಧಾರವಾಡದಲ್ಲಿ ಪಿಯುಸಿ ಓದುತ್ತಿದ್ದೆ. ಡಾಕ್ಟರು ಅವ್ವನನ್ನು ಹೊರಗೆ ಕರೆದು ಅದರ ಹೆಸರು ಹೇಳಿದರು. ಅವ್ವ ಒಳಗೆ ಹೋಗಿ ತಂಗಿಗೆ "ಏನೂ ಇಲ್ಲಂತ, ಹಾಲಿನ ಗಂಟಂತ" ಅಂದಳು. ನಮ್ಮ ಕಡೆ ಅದೇ ಪದ್ಧತಿ, ರೋಗ ಇದ್ದವರಿಗೇ ರೋಗದ ಹೆಸರು ಹೇಳುವುದಿಲ್ಲ. ಆಪರೇಷನ್ ಆಯಿತು, ಕೂದಲು ಉದುರಿತು, ಆದರೂ ಮನೆಮಂದಿಯೆಲ್ಲ ಒಂದೇ ಬಾಯಿಂದ "ಏನೂ ಇಲ್ಲ, ಏನೂ ಇಲ್ಲ" ಅಂದದ್ದೇ ಅಂದದ್ದು. ಚಿಕ್ಕವ್ವ ನಲವತ್ತು ದಾಟಲಿಲ್ಲ. ನನಗೆ ಆ ಬುಧವಾರಕ್ಕೆ ನಲವತ್ತಾರು.

ಆ ಅವ್ವ ಈಗ ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದು, ನಡುಮನೆಯ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ಹಿಂದಿರುಗಲು ಇನ್ನು ಮೂರು ವಾರ ಇತ್ತು. ತಂಗಿಯನ್ನು ಕೈಯಾರೆ ಉಣ್ಣಿಸಿ, ತೊಳೆದು, ಕಳಿಸಿಕೊಟ್ಟವಳಿಗೆ ಮಗಳದೂ ಹಾಗೇ ಅಂತ ಯಾವ ಬಾಯಿಂದ ಹೇಳಲಿ? ಅವಳು ವಿಮಾನ ಹತ್ತುವವರೆಗೆ ಒಂದು ಅಕ್ಷರ ಬಾಯಿ ಬಿಡಬಾರದು ಅಂತ ಗಂಡನಿಂದ ಆಣೆ ಮಾಡಿಸಿಕೊಂಡೆ. ಮಗಳಿಗೂ ಹೇಳಲಿಲ್ಲ.

ಗುರುವಾರ ಮೊದಲ ಸಲ ಆಸ್ಪತ್ರೆಗೆ ಫೋನು ಮಾಡಿದೆ. ಇಲ್ಲಿಯ ಮನೆಗಳ ಗೋಡೆ ಕಟ್ಟಿಗೆಯವು, ಒಂದು ರೂಮಿನಲ್ಲಿ ಕೆಮ್ಮಿದರೆ ಇನ್ನೊಂದರಲ್ಲಿ ಕೇಳುತ್ತದೆ. ಅದಕ್ಕೆ ಗ್ಯಾರೇಜಿಗೆ ಹೋಗಿ, ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡೆ. ಸೆಕೆಯಾಯಿತೆಂದು ಕಿಟಕಿ ಇಳಿಸಲು ಕಾರಿನ ಗುಂಡಿ ಒತ್ತಿದೆ ನೋಡಿ, ಫೋನಿನ ದನಿ ಟಕ್ಕನೆ ಕಾರಿನ ಸ್ಪೀಕರಿಗೆ ಹಾರಿತು. ಯಂತ್ರದ ಹೆಣ್ಣೊಬ್ಬಳು ದಯವಿಟ್ಟು ಲೈನಿನಲ್ಲಿರಿ ಅಂದಳು. ಆಮೇಲೆ ಮಾತು ತೆಗೆದು ಬರೀ ಗಿಟಾರು ಕೊಳಲಿನಲ್ಲಿ ನುಡಿಸಿದ ಆ ಹಾಡು ಗ್ಯಾರೇಜು ತುಂಬ ಮೊಳಗತೊಡಗಿತು. ದನಿ ಸಣ್ಣದು ಮಾಡುವಷ್ಟೂ ಪ್ರಜ್ಞೆ ನನಗಿರಲಿಲ್ಲ. ಹಾಡು ಮುಗಿಯಿತು, ಮತ್ತೆ ಶುರುವಾಯಿತು, ಮತ್ತೆ ಮುಗಿಯಿತು. ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಕಾರು ನಿಂತೇ ಇತ್ತು.

ಏನು ದರಿದ್ರ ಆಯ್ಕೆ ಅಂತೀನಿ! ಜೀವ ಕೈಯಲ್ಲಿ ಹಿಡಿದು ಕೂತವರಿಗೆ ಹೂ ಮುಡಿದು ಕುಣಿಯುವವರ ಹಾಡು ಹಾಕಬೇಕು ಅಂತ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ನಾಲ್ಕನೇ ಸಲ ಹಾಡು ಅರ್ಧಕ್ಕೆ ಕಡಿದು ನರ್ಸು ಬಂದಳು. ನಾನು ಹೆಸರು ಹೇಳಿ, ಹುಟ್ಟಿದ ದಿನ ಹೇಳಿ, ಬಯಾಪ್ಸಿ, ಬಯಾಪ್ಸಿ ಅಂತ ಎರಡು ಸಲ ಹೇಳಿದೆ. ಇನ್ನೂ ಬಂದಿಲ್ಲ, ನಾಳೆ ನೋಡಿ ಅಂದಳು.

ಇನ್ನು ನನ್ನ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ನನ್ನದು ಒಳ್ಳೆಯ ಬಾಯಿ ಅಲ್ಲ. ಅವ್ವ ಬಂದಳೆಂದರೆ ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಜಗಳ ಗ್ಯಾರಂಟಿ. ಮುಖ್ಯ ಜಗಳ ಪೇಪರ್ ಟವೆಲ್ಲಿನದು. ಕೈ ಒರೆಸಿ ಬಿಸಾಡುವ ಆ ಕಾಗದವನ್ನು ಅವ್ವ ತೊಳೆದು, ಹಿಂಡಿ, ಒಲೆಯ ಹಿಡಿಕೆಗೆ ಸಾಲಾಗಿ ಒಣಹಾಕುತ್ತಾಳೆ. "ಇಷ್ಟು ದಪ್ಪ ಅದ, ಅರಿವಿ ಇದ್ದಂಗ ಅದ, ಚೆಲ್ಲಿದ್ರ ಪಾಪ ಬರ್ತದ" ಅನ್ನುತ್ತಾಳೆ. ನಾನು ಕಿತ್ತೆಸೆಯುತ್ತೇನೆ, ಅವಳು ಕಸದ ಡಬ್ಬಿಯಿಂದ ತೆಗೆಯುತ್ತಾಳೆ, ನಾನು ಕೂಗುತ್ತೇನೆ. ಎರಡನೆಯದು ನೆರೆಮನೆಯ ಹೂವಿನ ಜಗಳ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಎಪ್ಪತ್ತು ದಾಟಿದವಳು, ಬಿಳಿ ಜಡೆ, ಕಾಲಿಗೆ ಚಪ್ಪಲಿ ಹಾಕುವುದೇ ಇಲ್ಲ. ಹರೆಯದಲ್ಲಿ ಅಸಲಿ ಹಿಪ್ಪಿಯಾಗಿದ್ದವಳು. ಅವಳ ಬೇಲಿಗೆ ಇಲ್ಲಿಯ ಮಲ್ಲಿಗೆ ಹಬ್ಬಿದೆ. ನೋಡಲು ನಮ್ಮ ಮಲ್ಲಿಗೆಯ ಹಾಗೇ, ವಾಸನೆಯೂ ಹತ್ತಿರ ಹತ್ತಿರ ಅದೇ, ಆದರೆ ಜಾತಿ ಬೇರೆ. ತೊಟ್ಟು ಕಿತ್ತರೆ ಬಿಳೀ ಹಾಲು ಒಸರುತ್ತದೆ. ಮೇ ತಿಂಗಳಲ್ಲಿ ಬೇಲಿ ತುಂಬ ಬಿಳಿಯೋ ಬಿಳಿ. ಅವ್ವ ಬೆಳಗ್ಗೆ ಎದ್ದು ಬೇಲಿಯ ನಮ್ಮ ಕಡೆ ನಿಂತು ಸೆರಗು ತುಂಬ ಕೀಳುತ್ತಾಳೆ. ಇಲ್ಲಿ ಹಾಗೆಲ್ಲ ಕೇಳದೆ ಕೀಳಬಾರದು ಅಂತ ನಾನು ಬೈಯುತ್ತೇನೆ. "ಅಕಿ ಏನ್ ಮುಡ್ಕೋತಾಳೇನು? ದೇವರಿಗರೆ ಏರಲಿ" ಅಂತ ಅವಳ ಜವಾಬು. ಹೂವಿನ ಹಾಲು ಹತ್ತಿ ಅವಳ ಬೆರಳ ತುದಿ ಅಂಟಂಟಾಗಿ ಕಪ್ಪಗಾಗಿರುತ್ತದೆ. "ಈ ದೇಶದ ಮಲ್ಲಿಗೀನೂ ಗೋಂದು" ಅನ್ನುತ್ತಾ ಸೋಪು ಹಚ್ಚಿ ತಿಕ್ಕುತ್ತಾಳೆ.

ಆ ವಾರ ನಾನು ಜಗಳ ಆಡಲಿಲ್ಲ. ಒಲೆಯ ಹಿಡಿಕೆಗೆ ಪೇಪರ್ ಟವೆಲ್ಲು ನೇತಾಡುತ್ತಿದ್ದರೂ ಸುಮ್ಮನೆ ಪಕ್ಕಕ್ಕೆ ಸರಿಸಿ ದೋಸೆ ಹಾಕಿಕೊಟ್ಟೆ. ಇನ್ನೆಷ್ಟು ದಿನ ಇವಳ ಮುಂದೆ ಓಡಾಡುತ್ತೇನೋ ಅಂತ ಅನಿಸಿದಾಗ ಕಾಗದದ ತುಂಡಿಗೆ ಯಾರು ಕೂಗುತ್ತಾರೆ? ಅವ್ವನ ಕಾಲಿಗೆ ಎಣ್ಣೆ ತಿಕ್ಕಿದೆ. ಅವಳು ಹೇಳಿದ ಸೀರಿಯಲ್ಲು ಹಾಕಿಕೊಟ್ಟು ಪಕ್ಕದಲ್ಲೇ ಕೂತು ನೋಡಿದೆ. ಶಾಲೆಯಿಂದ ಬಂದ ಮಗಳು ನಮ್ಮಿಬ್ಬರನ್ನೂ ನೋಡಿ, "ಅಮ್ಮಾ, ಯು ಆರ್ ಬೀಯಿಂಗ್ ವಿಯರ್ಡ್" ಅಂದು ಬ್ಯಾಗು ಎಸೆದು ರೂಮಿಗೆ ಹೋದಳು.

ಶುಕ್ರವಾರ ಮತ್ತೆ ಗ್ಯಾರೇಜು, ಮತ್ತೆ ಕಾರು, ಮತ್ತೆ ಅದೇ ಹಾಡು. ಈ ಸಲ ಆರು ಸುತ್ತು ಬಂತು. ಇನ್ನೂ ಇಲ್ಲ, ಇನ್ನು ಸೋಮವಾರವೇ ಅಂದಳು ನರ್ಸು. ಶನಿವಾರ ಭಾನುವಾರ ಎರಡು ದಿನ ನಾನು ಹೇಗೆ ಬದುಕಿರಲಿ ಅಂತ ಅವಳನ್ನೇ ಕೇಳಬೇಕು ಅನ್ನಿಸಿತು. ಮುಖ ತೊಳೆದು, ಸೆರಗು ಇಲ್ಲದ್ದಕ್ಕೆ ಟಿ-ಶರ್ಟಿನಲ್ಲೇ ಕಣ್ಣೊರೆಸಿ, ಅಡುಗೆಮನೆಗೆ ಬಂದೆ. ಅವ್ವ ನೆಲದ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಬಾಳೆನಾರು ಎಲ್ಲಿಂದ ಬರಬೇಕು, ಹೊಲಿಗೆಯ ದಾರವನ್ನು ಕಾಲಬೆರಳಿಗೆ ಸಿಕ್ಕಿಸಿಕೊಂಡು, ಕಟ್ಟುತ್ತಾ, ತನ್ನ ಪಾಡಿಗೆ ತಾನು ಗುನುಗುತ್ತಿದ್ದಳು.

ನಾನು ಬಾಗಿಲಲ್ಲೇ ನಿಂತೆ. ಅವ್ವ ಗುನುಗುತ್ತಿದ್ದದ್ದು ದಾಸರ ಪದ ಅಲ್ಲ. ಶಿಶುವಿನ ಲಾಲಿಯೂ ಅಲ್ಲ. ಅದೇ ಧಾಟಿ. ಆರು ಸಲ ಕೇಳಿ ಬಂದ ಅದೇ ಹಾಡು, ಒಂದು ಸ್ವರವೂ ತಪ್ಪಿಲ್ಲದೆ, ನನ್ನ ಅವ್ವನ ಗಂಟಲಿನಿಂದ ಬರುತ್ತಿತ್ತು.

"ಯವ್ವಾ, ಏನ್ ಹಾಡ್ಲಿಕತ್ತಿ ಅದು?" ಅಂದೆ, ಆದಷ್ಟು ಹಗುರವಾಗಿ.

ಅವ್ವ ತಲೆ ಎತ್ತಲಿಲ್ಲ. "ಯಾರಿಗ್ಗೊತ್ತವಾ. ಬಾಜೂ ಮನಿ ಮುದಕಿ ಹಚ್ಚಿರ್ತಾಳ ನೋಡು ದಿನಾ. ಕಿವಿಗೆ ಬಿತ್ತು, ಬಾಯಿಗೆ ಬಂತು."

ಹೋದ ಜೀವ ಬಂದಂತಾಯಿತು. ಹೌದಲ್ಲ, ಪಕ್ಕದವಳು ಹಿಪ್ಪಿ, ಇದು ಹಿಪ್ಪಿಗಳ ಹಾಡು, ಹಾಕಿರುತ್ತಾಳೆ. ಆ ರಾತ್ರಿ ಗಂಡನಿಗೂ ಹೇಳಿ ನಕ್ಕೆ.

ಶನಿವಾರ ಮಧ್ಯಾಹ್ನ ಕಸದ ಡಬ್ಬಿ ಒಳಗೆ ತರಲು ಹೋದಾಗ ಮುದುಕಿ ಬೇಲಿಯ ಹತ್ತಿರ ಬರಿಗಾಲಲ್ಲಿ ನೀರು ಬಿಡುತ್ತಿದ್ದಳು. ಅಮ್ಮ ನಿಮ್ಮ ಹೂ ಕೀಳುತ್ತಾಳೆ, ಕ್ಷಮಿಸಿ ಅಂದೆ. ನನಗೆ ಸಂತೋಷ, ಇಷ್ಟು ವರ್ಷದಲ್ಲಿ ಈ ಹೂವನ್ನು ಗಂಭೀರವಾಗಿ ತೆಗೆದುಕೊಂಡವಳು ಅವಳೊಬ್ಬಳೇ ಅಂದಳು. ಮಾತಿನ ನಡುವೆ, ನೀವು ಹಾಕುವ ಹಾಡು ಅಮ್ಮನಿಗೆ ಬಾಯಿಪಾಠ ಆಗಿದೆ ಅಂತ ನಗುತ್ತಾ ಹಾಡಿನ ಹೆಸರು ಹೇಳಿದೆ.

ಮುದುಕಿ ನೀರು ನಿಲ್ಲಿಸಿದಳು. "ಆ ಹಾಡಾ? ನನ್ನ ಮನೆಯಲ್ಲಾ?" ಅಂದಳು. ಅವಳು ಇಂಗ್ಲಿಷಿನಲ್ಲಿ ಬೈದದ್ದನ್ನು ನಾನಿಲ್ಲಿ ಪೂರ್ತಿ ಬರೆಯಲಾರೆ. ಐವತ್ತಕ್ಕೂ ಹೆಚ್ಚು ವರ್ಷದಿಂದ ಆ ಹಾಡು ಕಂಡರೆ ಅವಳಿಗೆ ಆಗುವುದಿಲ್ಲವಂತೆ. ಅದನ್ನು ಮಾಡಿದವರು ನಮ್ಮವರೇ ಅಲ್ಲ, ದಕ್ಷಿಣದ ಸಿನಿಮಾ ಊರಿನ ಸ್ಟುಡಿಯೋದವರು, ನಮ್ಮನ್ನು ಮಾರಲು ಮಾಡಿದ್ದು ಅಂದಳು. "ರೇಡಿಯೋದಲ್ಲಿ ಅದನ್ನು ಕೇಳಿ ಕೇಳಿ ಎಲ್ಲೆಲ್ಲಿಂದಲೋ ಮಕ್ಕಳು ಬಂದವು. ಹದಿನೈದು ಹದಿನಾರರ ಮಕ್ಕಳು. ತಲೆಯಲ್ಲಿ ಹೂವು ಇತ್ತು, ಹೊಟ್ಟೆಗೆ ಇರಲಿಲ್ಲ. ಮಲಗಲು ಜಾಗ ಇರಲಿಲ್ಲ. ಎಷ್ಟೋ ಮಕ್ಕಳು ಜ್ವರ ಬಂದು ಫುಟ್‌ಪಾತಿನ ಮೇಲೆ ನಡುಗುತ್ತಾ ಬಿದ್ದಿರುತ್ತಿದ್ದವು. ನಾನು ಸೂಪು ಹಂಚುತ್ತಿದ್ದೆ. ಮನೆಗೆ ಫೋನು ಮಾಡು ಅಂದರೆ, ಏನಂತ ಹೇಳಲಿ ಅಂತ ಅಳುತ್ತಿದ್ದವು. ಆ ಹಾಡು ನನ್ನ ಮನೆಯೊಳಗೆ ಇವತ್ತಿನವರೆಗೂ ಬಂದಿಲ್ಲ."

ಅಷ್ಟು ಹೇಳಿ ಮತ್ತೆ ನೀರು ಬಿಡತೊಡಗಿದಳು. ನನ್ನ ಕಣ್ಣು ಬೇಲಿಯ ಗುಂಟ ಹೋಯಿತು. ಹೂ ದಟ್ಟವಾಗಿ ಬಿಟ್ಟಿರುವ ಜಾಗ ನಮ್ಮ ಗ್ಯಾರೇಜಿನ ಪಕ್ಕದ ಗೋಡೆಗೆ ಎದುರಾಗಿಯೇ ಇತ್ತು. ಗೋಡೆಯಲ್ಲಿ, ಸೊಂಟದ ಎತ್ತರಕ್ಕೆ, ಗಾಳಿಗೆಂದು ಬಿಟ್ಟ ಜಾಲರಿ ಕಿಂಡಿ. ಆ ಕಿಂಡಿಯ ಮುಂದೆ ನೆಲದ ಮೇಲೆ ಕಿತ್ತ ಹೂವಿನ ತೊಟ್ಟುಗಳು ರಾಶಿ ಬಿದ್ದಿದ್ದವು.

ಅವ್ವ ಎಲ್ಲ ಕೇಳಿದ್ದಳು. ಅವಳಿಗೆ ಇಂಗ್ಲಿಷು ಬರುವುದಿಲ್ಲ ನಿಜ. ಆದರೆ ಬಯಾಪ್ಸಿ ಅನ್ನುವ ಒಂದು ಶಬ್ದ ಅವಳಿಗೆ ನನಗಿಂತ ಮೂವತ್ತು ವರ್ಷ ಮೊದಲೇ ಗೊತ್ತು. ಕೇಳಿದ್ದೂ ಅಲ್ಲದೆ ನನಗೆ ಸುಳ್ಳು ಹೇಳಿದ್ದಳು, ನಾನು ಅವಳಿಗೆ ಹೇಳುತ್ತಿದ್ದ ಹಾಗೇ. ಡಬ್ಬಿಯನ್ನು ಎಳೆದುಕೊಂಡು ಒಳಗೆ ಬಂದೆ.

ಕೇಳಿಬಿಡೋಣ ಅಂತ ನೂರು ಸಲ ಬಾಯಿಗೆ ಬಂತು. ಕೇಳಿದರೆ ಅವಳು ಅಳುತ್ತಾಳೆ, ಅವಳು ಅತ್ತರೆ ನಾನು ಸತ್ತೇ ಹೋಗುತ್ತೇನೆ ಅನ್ನಿಸಿತು. ಇಬ್ಬರೂ ಶನಿವಾರವೆಲ್ಲ ಒಬ್ಬರಿಗೊಬ್ಬರು ಚಹಾ ಮಾಡಿಕೊಟ್ಟೆವು.

ಭಾನುವಾರ ಬೆಳಗ್ಗೆ ಸ್ನಾನ ಮಾಡಿ ಬರುವಾಗ ಅಡುಗೆಮನೆಯ ಮೂಲೆಯ ದೇವರ ಕಪಾಟಿನ ಮುಂದೆ ಅವ್ವ ಪಿಸುಗುಟ್ಟುವುದು ಕೇಳಿಸಿತು. ಇಣುಕಿದೆ. ನಮ್ಮ ಮನೆದೇವಿಯ ಗೇಣುದ್ದದ ಹಿತ್ತಾಳೆಯ ಮೂರ್ತಿಗೆ ಅವ್ವ ಎರಡು ಭುಜಕ್ಕೂ ಒಂದೊಂದು ಹೂ ಹಚ್ಚಿ ಪ್ರಸಾದ ಕೇಳುತ್ತಿದ್ದಳು. ನಮ್ಮ ಕಡೆಯವರಿಗೆ ಇದು ಗೊತ್ತು. ಹೂವನ್ನು ನೀರಿನಲ್ಲಿ ಅದ್ದಿ ಮೂರ್ತಿಗೆ ಅಂಟಿಸಿ ಮನಸ್ಸಿನ ಮಾತು ಕೇಳುವುದು. ಬಲಗಡೆಯ ಹೂ ಮೊದಲು ಬಿದ್ದರೆ ಒಳ್ಳೆಯದು, ಎಡಗಡೆಯದು ಬಿದ್ದರೆ ಕೆಟ್ಟದ್ದು.

"ನನ್ನ ಕೂಸಿಂದು ಏನೂ ಇರಬಾರದು ನಮ್ಮವ್ವಾ. ಬಲಕ್ಕ ಕೊಡು. ತಂಗೀನ್ನ ಒಯ್ದಿ, ಸುಮ್ಮನ ಕೂತೆ. ಇದನ್ನ ಕೇಳಬ್ಯಾಡ. ಬಲಕ್ಕ ಕೊಡು."

ಹೂ ಬೀಳಲಿಲ್ಲ. ಅವ್ವ ಕೈ ಮುಗಿದು ಕೂತೇ ಇದ್ದಳು. ನಾನು ಹಸಿ ತಲೆಯಲ್ಲಿ, ಗೋಡೆಗೆ ಆತುಕೊಂಡು ನಿಂತೆ. ಇಂಜಿನಿಯರಿಂಗ್ ಓದಿದವಳು, ಇಂಥದ್ದನ್ನೆಲ್ಲ ಬೈದುಕೊಂಡು ಬೆಳೆದವಳು, ಬೀಳು, ಬಲಕ್ಕೆ ಬೀಳು ಅಂತ ಒಳಗೊಳಗೇ ಬೇಡಿದೆ. ನೀರು ಆರಿತು, ದೀಪದ ಎಣ್ಣೆ ಮುಗಿಯಿತು, ಬಲಕ್ಕೂ ಇಲ್ಲ ಎಡಕ್ಕೂ ಇಲ್ಲ, ಎರಡು ಹೂವೂ ಕಚ್ಚಿಕೊಂಡು ಕೂತಿದ್ದವು. ದೇವಿಯೇ ಬಾಯಿ ಮುಚ್ಚಿಕೊಂಡಿದ್ದಾಳೆ, ಅಂದರೆ ಹೇಳಬಾರದಂಥ ಸುದ್ದಿಯೇ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸಿಬಿಟ್ಟಿತು. ಅವ್ವನ ಬೆನ್ನು ನೋಡಿದರೆ ಅವಳಿಗೂ ಅದೇ ಅನ್ನಿಸಿದೆ ಅಂತ ಗೊತ್ತಾಗುತ್ತಿತ್ತು.

ಸೋಮವಾರ ಗಂಡ ಸ್ಯಾನ್ ಹೊಸೆಯ ಆಫೀಸಿಗೆ ಹೋದ. ಮೀಟಿಂಗು ಬಿಟ್ಟು ಮನೆಯಲ್ಲೇ ಇರಲಾ ಅಂತ ಕೇಳಿದ್ದ, ಬೇಡ ಅಂದೆ. ಮಗಳು ಶಾಲೆಗೆ ಹೋದಳು. ಹತ್ತು ಗಂಟೆಗೆ ಗ್ಯಾರೇಜಿಗೆ ಹೋಗಿ ಕಾರಿನಲ್ಲಿ ಕೂತು ಫೋನು ಹಚ್ಚಿದೆ. ಹಾಡು ಶುರುವಾಯಿತು. ಆಗ ಆಚೆ ಕಡೆಯ ಬಾಗಿಲು ತೆರೆಯಿತು. ಅವ್ವ ಸೀರೆಯ ನಿರಿಗೆ ಎತ್ತಿ ಹಿಡಿದು ಒಳಗೆ ಬಂದು ಕೂತು, ಬಾಗಿಲು ಹಾಕಿಕೊಂಡು, ಅಭ್ಯಾಸದಿಂದ ಬೆಲ್ಟನ್ನೂ ಕಟ್ಟಿಕೊಂಡಳು.

"ಅವ್ವಾ, ಇದು ಆಫೀಸಿಂದು ಫೋನು..." ಅಂದೆ.

"ಸಾಕು ಬಿಡು" ಅಂದಳು.

ಇಬ್ಬರೂ ಮುಂದಿನ ಗಾಜಿನಾಚೆ ಗೋಡೆಗೆ ಆನಿಸಿಟ್ಟ ಏಣಿಯನ್ನು ನೋಡುತ್ತಾ ಕೂತೆವು. ಹಾಡು ಒಂದು ಸುತ್ತು ಮುಗಿದು ಎರಡನೆಯದು ಹಿಡಿಯಿತು.

"ಇದಕ್ಕ ಮಾತಿಲ್ಲೇನು? ಏನ್ ಹೇಳ್ತಾರ ಈ ಹಾಡಿನ್ಯಾಗ?"

"ಈ ಊರಿಗೆ ಬರೋರು ಹೂ ಮುಡೀಬೇಕಂತ. ಇಲ್ಲಿ ಮಂದಿ ಭಾಳ ಪ್ರೀತಿಯವರಂತ."

"ಭಾಳ ಚಲೋ ಆತು" ಅಂದಳು ಅವ್ವ. "ಹೂ ಮುಡ್ಕೊಂಡು ಬಾ ಅಂತ ಕರದು, ಬಂದವರನ್ನ ಇಷ್ಟೊತ್ತು ಬಾಗಲದಾಗ ನಿಂದರಸೂದು ಯಾವ ಪದ್ಧತಿ?"

ನನಗೆ ನಗುವೂ ಬಂತು, ಅಳುವೂ ಬಂತು. ಅವ್ವ ಮಾತ್ರ ನಗಲಿಲ್ಲ. ನನ್ನ ಕೈಯನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಬೆರಳು ಇನ್ನೂ ಅಂಟಂಟು.

"ಆಕಿ ಏನ್ ಹೇಳ್ತಾಳ, ಅದನ್ನ ಇದ್ದದ್ದು ಇದ್ದಂಗ ನನಗ ಹೇಳು. ಏನೂ ಇಲ್ಲ ಅಂತ ಮಾತ್ರ ಹೇಳಬ್ಯಾಡ. ಆ ಮಾತು ಹೇಳಿ ಹೇಳಿ ನನ್ನ ನಾಲಿಗಿ ಸವದದ. ಅದು ಹೆಂಗಿರ್ತದಂತ ನನಗ್ಗೊತ್ತದ."

ಹಾಡು ಕಡಿಯಿತು. ನರ್ಸು ಹೆಸರು ಕೇಳಿದಳು, ಹುಟ್ಟಿದ ದಿನ ಕೇಳಿದಳು. ಕೀಲಿಮಣೆ ಕುಟ್ಟುವ ಸದ್ದು ಸ್ಪೀಕರಿನಲ್ಲಿ ಕೇಳುತ್ತಿತ್ತು. ಅವ್ವ ಕಣ್ಣು ಮುಚ್ಚಿದ್ದಳು, ನನ್ನ ಕೈ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ನರ್ಸು, ಬಿನೈನ್ ಅಂದಳು. ಮತ್ತೊಮ್ಮೆ ಹೇಳಿ ಅಂದೆ. ಕ್ಯಾನ್ಸರ್ ಅಲ್ಲ, ಸಾದಾ ಗಂಟು, ಆರು ತಿಂಗಳು ಬಿಟ್ಟು ಒಂದು ಸಲ ಬಂದು ತೋರಿಸಿ ಸಾಕು ಅಂದಳು. ಮೂರನೇ ಸಲ ಕೇಳಿದೆ. ಪಾಪ, ಮೂರನೇ ಸಲವೂ ಹೇಳಿದಳು. ಫೋನು ಇಟ್ಟದ್ದೇ ತಡ, ಐದು ದಿನ ಹಿಡಿದಿಟ್ಟುಕೊಂಡದ್ದೆಲ್ಲ ಒಮ್ಮೆಲೇ ಒಡೆದು, ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಹೋ ಅಂತ ಅತ್ತೆ.

"ಏನಂದ್ಲು?" ಅಂದಳು ಅವ್ವ.

"ಏನೂ ಇಲ್ಲಂತ ಅವ್ವಾ" ಅಂದೆ, ಬಿಕ್ಕುತ್ತಾ. "ಏನೂ ಇಲ್ಲಂತ!"

ಹೇಳಿದ ಮೇಲೆ ನನಗೆ ಗೊತ್ತಾಯಿತು. ಅವ್ವ ನನ್ನ ಕೈ ಬಿಟ್ಟಳು. ಅಷ್ಟು ಭಯ ಇರುವ ಮುಖವನ್ನು ನಾನು ಇದುವರೆಗೆ ನೋಡಿಲ್ಲ. ಬೆಲ್ಟು ಬಿಚ್ಚಲು ಬಾರದೆ ತಡಕಾಡಿ, ಕೊನೆಗೆ ಬಿಚ್ಚಿಕೊಂಡು ಒಳಗೆ ಹೋದಳು.

ನಾನು ಹಿಂದೆಯೇ ಓಡಿದೆ. "ಖರೇನ ಅವ್ವಾ, ಬರೇ ಗಂಟಂತ, ಕ್ಯಾನ್ಸರ್ ಅಲ್ಲಂತ" ಅಂದೆ. ಅವ್ವ ದೇವರ ಕಪಾಟಿನ ಮುಂದೆ ಕೂತಿದ್ದಳು. "ಹೂಂ" ಅಂದಳು. "ನಿನ್ನ ಮ್ಯಾಲೆ ಆಣಿ" ಅಂದೆ. "ಹೂಂ" ಅಂದಳು. ಗಂಡನಿಗೆ ಫೋನು ಮಾಡಿ ಕೊಟ್ಟೆ. "ಅತ್ತೆ, ಏನೂ ಇಲ್ವಂತೆ, ನೀವು ಯೋಚನೆ ಮಾಡ್ಬೇಡಿ" ಅಂದ ಅವನು, ಮತ್ತೆ ಅದೇ ಹಾಳು ಮಾತು. ಅವ್ವ ಫೋನನ್ನು ನನಗೆ ಮರಳಿಸಿ, "ನಾನು ಧಾರವಾಡದಾಗ ಎಲ್ಲಾರಿಗೂ ಹಿಂಗ ಹೇಳಿ ಕೊಟ್ಟಿದ್ದೆ, ಏನ್ ಹೇಳಬೇಕಂತ" ಅಂದಳು. "ಆ ಟಿಕೀಟು ಕ್ಯಾನ್ಸಲ್ ಮಾಡಸು. ನಾ ಹೋಗೂದಿಲ್ಲ. ನೀ ಹೇಳದಿದ್ರ ಬ್ಯಾಡ ಬಿಡು, ದೇವಿನ ಹೇಳ್ಯಾಳಲ್ಲ. ಎರಡು ದಿನಾತು, ಹೂ ಕೊಟ್ಟಿಲ್ಲ ನೋಡು."

ನೋಡಿದೆ. ಭುಜದ ಮೇಲೆ ಎರಡು ಹೂವು, ಒಣಗಿ ಕಂದಾಗಿ, ಇನ್ನೂ ಹಾಗೇ ಕೂತಿದ್ದವು. ಕೈ ಹಾಕಿ ಬಲಗಡೆಯದನ್ನು ಎಳೆದೆ. ಬರಲಿಲ್ಲ. ಜೋರಾಗಿ ಎಳೆದರೆ ಮೂರ್ತಿಯೇ ಎದ್ದು ಬಂತು. ಉಗುರು ಹಾಕಿ ಕೆರೆದೆ. ಹಿತ್ತಾಳೆಯ ಮೇಲೆ ಒಣಗಿದ ಬಿಳೀ ಹಾಲು ಗೋಂದಿನ ಹಾಗೆ ಗಟ್ಟಿಯಾಗಿತ್ತು.

ಆಗ ನನಗೆ ಸಿಟ್ಟು ಬಂತು ನೋಡಿ, ಎಲ್ಲಿತ್ತೋ ಅಷ್ಟು ಸಿಟ್ಟು!

"ಏನ್ ಹೆಂಗಸು ಇದ್ದೀಯೇ ನೀನು!" ಅಂತ ಕಿರಿಚಿದೆ. "ಗೋಂದು ಹಚ್ಚಿ ಕೂಡಸಿ, ಬೀಳು ಬೀಳು ಅಂದ್ರ ಎಲ್ಲಿಂದ ಬೀಳ್ತದ? ದೇವಿ ಏನ್ ಸುತ್ತಿಗಿ ತಗೊಂಡು ಬಡೀಬೇಕೇನು? ಕಂಡವರ ಬೇಲಿ ಹೂ ಕಿತ್ತು, ಅದರ ಹಾಲು ಬಳದು, ನನ್ನ ಸಾಯಸ್ಲಿಕ್ಕೆ ಕೂತೀ! ಎರಡು ದಿನ ನನ್ನ ಜೀವಾ ಹೋಗಿತ್ತು, ಗೊತ್ತೇನು ನಿನಗ? ಕಿಂಡ್ಯಾಗ ನಿಂತು ಕದ್ದು ಕೇಳೂದು ಬ್ಯಾರೆ! ಬಾಜೂದಾಕಿ ಹೆಸರಿಲೆ ಸುಳ್ಳು ಬ್ಯಾರೆ! ಆ ಪೇಪರ್ ಟವೆಲ್ಲು ಇನ್ನೊಂದು ಸಲ ಒಲಿ ಮ್ಯಾಲೆ ಕಂಡ್ರ, ನೋಡು, ನಿನ್ನ ಸೂಟ್‌ಕೇಸಿನ್ಯಾಗ ತುಂಬಿ ಕಳಸ್ತೀನಿ, ಧಾರವಾಡದಾಗ ಒಣಹಾಕ್ಕೋ! ಏನೂ ಇಲ್ಲಂದ್ರ ಏನೂ ಇಲ್ಲ! ಎಷ್ಟು ಸಲಾ ಬಡ್ಕೋಬೇಕು?"

ಒಲೆಯ ಹಿಡಿಕೆಯ ಮೇಲಿದ್ದದ್ದನ್ನೆಲ್ಲ ಕಿತ್ತು ನೆಲಕ್ಕೆಸೆದೆ.

ಅವ್ವ ನನ್ನನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳ ಮುಖದಿಂದ ಭಯ ಇಳಿಯಿತು. ಕಣ್ಣಲ್ಲಿ ನೀರು ತುಂಬಿತು.

"ಖರೇನ ಏನೂ ಇಲ್ಲೇನು ಹಂಗಾರ" ಅಂದಳು.

"ಈಗ ಹೆಂಗ ನಂಬಿದಿ?" ಅಂದೆ, ಇನ್ನೂ ಸಿಟ್ಟಿನಲ್ಲೇ.

"ವಾರಾತು ನೀ ನನ್ನ ಒಮ್ಮಿನೂ ಬೈದಿದ್ದಿಲ್ಲ. ಹಾಡು ಕೇಳಕಿಂತ ಮೊದಲನ ನನಗ ಅಂಜಿಕಿ ಹೊಕ್ಕಿತ್ತು. ಇಕಿ ಯಾಕ ಸುಮ್ಮನಿದ್ದಾಳ ಅಂತ." ಅವ್ವ ನೆಲದ ಮೇಲಿನ ಕಾಗದಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಳ್ಳತೊಡಗಿದಳು. "ನಿನ್ನ ಚಿಕ್ಕವ್ವನ್ನ ನಾ ದಿನಾ ಬೈತಿದ್ದೆ, ಸಣ್ಣಾಕಿ ಇದ್ದಾಗಿಂದ. ಡಾಕ್ಟರು ಹೇಳಿದ ದಿನದಿಂದ ಒಂದು ಮಾತು ಬೈಲಿಲ್ಲ. ಕಡೀಕ ಒಂದಿನ ಆಕಿ ನನ್ನ ಕೈ ಹಿಡದು, 'ಅಕ್ಕಾ, ಒಮ್ಮೆರೆ ಬೈಯೇ' ಅಂದ್ಲು. ನನ್ನ ಬಾಯಿಗೆ ಬರಲೇ ಇಲ್ಲ."